ವ್ಯಸನಕ್ಕೆ ಎರಡರ್ಥ

ಬಂಧುಗಳ ಮರಣವಾರ್ತೆ ಕಿವಿಗೆ ಬಿದ್ದಾಗ ಹಿಂದಿನ ತಲೆಮಾರಿನ ಹಿರಿಯರು ಕಾಗದ ಬರೆಯುತ್ತಿದ್ದ ಕ್ರಮವೊಂದುಂಟು: ವಿಷಯ ತಿಳಿದು ಬಹಳ ವ್ಯಸನವಾಯಿತು, ಎಂದು. ಅದೇ ಹಿರಿಯರು, ನೆರೆಮನೆಯ ಹುಡುಗ ಇಸ್ಪೀಟಿನ ಅಡ್ಡೆಗೆ ಹೋಗತೊಡಗಿದನೆಂದರೆ, ಪಾಪ, ಅವನಿಗೂ ವ್ಯಸನ ಅಂಟಿಕೊಂಡಿತು ಎನ್ನುತ್ತಿದ್ದರು. ಮಾತು ಒಂದೇ. ಒಂದೆಡೆ ಅದು ದುಃಖ, ಇನ್ನೊಂದೆಡೆ ದುಶ್ಚಟ. ಮೊದಲನೆಯದಕ್ಕೆ ಕಣ್ಣೀರು ಸಲ್ಲುತ್ತದೆ, ಎರಡನೆಯದಕ್ಕೆ ಛೀಮಾರಿ.

ಭಾಷೆಯ ಈ ವಿಚಿತ್ರ ಆಕಸ್ಮಿಕವಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಈ ಪದದ ಬೇರಿನಲ್ಲಿರುವುದು 'ಎಸೆ' ಎಂಬರ್ಥದ ಧಾತು. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದು ಯಾವುದೋ ಅದೇ ವ್ಯಸನವೆಂದು ಕೌಟಿಲ್ಯನ ವಿವರಣೆ. ಅವನು ತನ್ನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದಾನೆ. ಅಲ್ಲಿ ಬೇಟೆ, ಜೂಜು, ಕುಡಿತ, ಸ್ತ್ರೀಲೋಲತೆಗಳ ವಿಚಾರವುಂಟು. ಅದೇ ಅಧಿಕರಣದಲ್ಲಿ ಬೆಂಕಿ, ನೆರೆ, ರೋಗ, ಕ್ಷಾಮಗಳ ವಿಚಾರವೂ ಉಂಟು. ಮನುಷ್ಯ ತಾನಾಗಿ ತಂದುಕೊಂಡದ್ದು ಮತ್ತು ದೈವವಶದಿಂದ ಅವನ ತಲೆಯ ಮೇಲೆ ಬಿದ್ದದ್ದು ಎರಡನ್ನೂ ಒಂದೇ ಹೆಸರಿನ ಕೆಳಗೆ ತೂಗಿ ನೋಡಿದವನು ಆ ನಿಷ್ಠುರ ರಾಜನೀತಿಜ್ಞ.

ಆದರೆ ಪದ ಒಂದಾದರೂ ಮನೆಯ ನ್ಯಾಯ ಎರಡು. ಒಂದೇ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದಾರೆಂದು ಇಟ್ಟುಕೊಳ್ಳೋಣ. ಹಿರಿಯವನಿಗೆ ಕಾರಣವಿಲ್ಲದ ಖಿನ್ನತೆ; ಊಟ ಸೇರದು, ನಿದ್ದೆ ಬಾರದು, ಕಚೇರಿಗೆ ಹೋಗುವ ಮನಸ್ಸಿಲ್ಲ. ತಾಯಿ ಹರಕೆ ಹೊರುತ್ತಾಳೆ, ಹೆಂಡತಿ ದೃಷ್ಟಿ ತೆಗೆಯುತ್ತಾಳೆ, ಕೊನೆಗೆ ಯಾರೋ ತಿಳಿದವರು ವೈದ್ಯರ ಬಳಿ ಕರೆದೊಯ್ಯುತ್ತಾರೆ. ಕಿರಿಯವನಿಗೂ ಅದೇ ಖಿನ್ನತೆ. ಆದರೆ ಅವನು ಸಂಜೆಯ ಹೊತ್ತು ಎರಡು ಗುಟುಕು ಹಾಕಿದರೆ ನಿದ್ದೆ ಬರುತ್ತದೆಂಬುದನ್ನು ಕಂಡುಕೊಂಡಿದ್ದಾನೆ. ಅವನಿಗೆ ಹರಕೆಯೂ ಇಲ್ಲ, ವೈದ್ಯರೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆಯುವವರಿಲ್ಲ. ಖಿನ್ನತೆಗೆ ವಾಸನೆಯಿಲ್ಲ, ಬ್ರಾಂದಿಗೆ ಉಂಟು. ಮನೆಯವರ ಮೂಗಿಗೆ ಮುಟ್ಟುವುದು ಅದೊಂದೇ.

ಎರಡೂ ವ್ಯಸನಗಳು ಒಂದರೊಳಗೊಂದು ಹೆಣೆದುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ವೈದ್ಯಚರಿತ್ರೆಯಲ್ಲಿ ಒಂದು ದಾರುಣ ನಿದರ್ಶನವಿದೆ. ಅದರ ಪಾತ್ರಧಾರಿಗಳಲ್ಲಿ ಒಬ್ಬನ ಹೆಸರು ಜಗತ್ತಿಗೆಲ್ಲ ಗೊತ್ತು. ಇನ್ನೊಬ್ಬನನ್ನು ಬಲ್ಲವರು ವಿರಳ.

ಆಸ್ಟ್ರಿಯದ ರಾಜಧಾನಿ ವಿಯೆನ್ನಾ ನಗರದಲ್ಲಿ, ಪ್ರಸಿದ್ಧ ಶರೀರಶಾಸ್ತ್ರಜ್ಞ ಬ್ರೂಕೆಯ ಪ್ರಯೋಗಶಾಲೆಯಲ್ಲಿ, ಎರ್ನ್ಸ್ಟ್ ಫಾನ್ ಫ್ಲೈಶಲ್ ಎಂಬ ಯುವಕನಿದ್ದ. 1846ರಲ್ಲಿ ಜನಿಸಿದವನು. ಸಿರಿವಂತರ ಮಗ, ಸುಂದರಾಂಗ, ಮಾತಿನಲ್ಲಿ ಚತುರ, ಬುದ್ಧಿಯಲ್ಲಿ ಅಸಾಧಾರಣ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಶವಪರೀಕ್ಷೆ ಮಾಡುತ್ತಿದ್ದಾಗ ಅವನ ಬಲಗೈಯ ಹೆಬ್ಬೆರಳಿಗೆ ನಂಜು ತಗುಲಿತು. ಜೀವ ಉಳಿಸಲು ಬೆರಳನ್ನು ಕತ್ತರಿಸಿದರು. ಜೀವವೇನೋ ಉಳಿಯಿತು, ಆದರೆ ಕತ್ತರಿಸಿದ ಜಾಗದಲ್ಲಿ ನರದ ತುದಿಗಳು ಗಂಟುಗಂಟಾಗಿ ಬೆಳೆಯತೊಡಗಿದವು. ಗಂಟು ತೆಗೆಯಲು ಶಸ್ತ್ರಚಿಕಿತ್ಸೆ, ಗಾಯ ಮಾಯುವ ಹೊತ್ತಿಗೆ ಮತ್ತೆ ಗಂಟು. ಆ ಯುಗದ ಶಸ್ತ್ರವೈದ್ಯಶ್ರೇಷ್ಠ ಬಿಲ್ರೋತನ ಕೈಯೂ ಅಲ್ಲಿ ಸೋತಿತು. ಹಗಲಿರುಳೆನ್ನದೆ ಕಾಡುವ ಆ ನೋವಿಗೆ ಅಂದು ಇದ್ದ ಒಂದೇ ಮದ್ದು ಅಫೀಮಿನ ಸಾರವಾದ ಮಾರ್ಫಿನ್. ಫ್ಲೈಶಲ್ ಅದಕ್ಕೆ ಕೈಚಾಚಿದ. ಕೆಲವು ವರ್ಷಗಳಲ್ಲಿ ಅದಿಲ್ಲದೆ ಬದುಕಲಾರದವನಾದ.

ಇಷ್ಟಾದರೂ ಅವನು ಸೋಮಾರಿಯಾಗಿ ಬಿದ್ದುಕೊಂಡವನಲ್ಲ. ನಿದ್ದೆಯಿಲ್ಲದ ರಾತ್ರಿಗಳಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಓದುತ್ತಿದ್ದ. ಅವೂ ಬೇಸರವಾದಾಗ ಸಂಸ್ಕೃತ ಕಲಿಯಲು ಕುಳಿತನೆಂದು ಚರಿತ್ರಕಾರರು ಹೇಳುತ್ತಾರೆ. (ನೋವನ್ನು ಮರೆಯಲು ವಿಯೆನ್ನಾದಲ್ಲಿ ಒಬ್ಬ ಧಾತುರೂಪಗಳನ್ನು ಬಾಯಿಪಾಠ ಮಾಡುತ್ತಿದ್ದನೆಂದರೆ ಈ ದೇಶದ ವಿದ್ಯಾರ್ಥಿಗಳಿಗೆ ನಗು ಬಂದೀತು.) ಇಂದ್ರಿಯಗಳು ಪ್ರಚೋದನೆಗೊಂಡಾಗ ಮಿದುಳಿನಲ್ಲಿ ವಿದ್ಯುತ್ತಿನ ಸೂಕ್ಷ್ಮ ಚಲನೆಯುಂಟಾಗುತ್ತದೆಂಬುದನ್ನು ಕಂಡು, 1883ರಲ್ಲಿ ಅದನ್ನು ಬರೆದು, ಮೊಹರು ಹಾಕಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯ ವಶಕ್ಕೆ ಕೊಟ್ಟ. ಇಂದು ಆಸ್ಪತ್ರೆಗಳಲ್ಲಿ ತಲೆಗೆ ತಂತಿ ಜೋಡಿಸಿ ಮಿದುಳಿನ ವಿದ್ಯುಲ್ಲೇಖ ತೆಗೆಯುವ ವಿದ್ಯೆಯ ಪೂರ್ವಜರಲ್ಲಿ ಅವನೂ ಒಬ್ಬ. ವ್ಯಸನಿಯೆಂದರೆ ಕೆಲಸಕ್ಕೆ ಬಾರದವನೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಅದೇ ಪ್ರಯೋಗಶಾಲೆಯಲ್ಲಿ ಅವನಿಗಿಂತ ಹತ್ತು ವರ್ಷ ಕಿರಿಯನಾದ ಬಡ ವೈದ್ಯನೊಬ್ಬ ಕೆಲಸ ಮಾಡಿದ್ದ. ಅವನೇ ಸಿಗ್ಮಂಡ್ ಫ್ರಾಯ್ಡ್. ಮನೋವಿಶ್ಲೇಷಣೆ ಎಂಬ ಮಾತು ಆಗಿನ್ನೂ ಹುಟ್ಟಿರಲಿಲ್ಲ. ಫ್ರಾಯ್ಡನಿಗೆ ಫ್ಲೈಶಲ್ಲನ ಮೇಲೆ ಭಕ್ತಿಯೆನ್ನಬಹುದಾದಷ್ಟು ಪ್ರೀತಿ. 1884ರ ವಸಂತದಲ್ಲಿ ಅವನ ಕೈಗೆ ಕೋಕೇನ್ ಎಂಬ ಹೊಸ ವಸ್ತು ಬಂತು. ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ತೆಗೆದದ್ದು. ದಣಿವು ಕಳೆಯುತ್ತದೆಂದು ಕೆಲವು ವರದಿಗಳಿದ್ದವು. ಫ್ರಾಯ್ಡ್ ಮೊದಲು ತಾನೇ ಸೇವಿಸಿ ನೋಡಿದ. ಅವನಿಗೂ ಆಗಾಗ ಮನಸ್ಸು ಕುಗ್ಗುವ ಬಾಧೆಯಿತ್ತು. ಆ ಬಿಳಿಯ ಪುಡಿ ಕೆಲವೇ ನಿಮಿಷಗಳಲ್ಲಿ ಮೋಡ ಕರಗಿಸಿತು. ಭಾವೀ ಪತ್ನಿ ಮಾರ್ತಾಳಿಗೆ ಬರೆದ ಕಾಗದಗಳಲ್ಲಿ ಅದರ ಗುಣಗಾನವೇ ಗುಣಗಾನ. ಅವಳಿಗೂ ಸ್ವಲ್ಪ ಕಳುಹಿಸಿಕೊಟ್ಟ. ಮಾರ್ಫಿನಿನ ಬಂಧನವನ್ನು ಕೋಕೇನ್ ಬಿಡಿಸಬಲ್ಲದೆಂದು ಅಮೆರಿಕದ ವೈದ್ಯಪತ್ರಿಕೆಗಳಲ್ಲಿ ಓದಿದ್ದ. ಗೆಳೆಯನನ್ನು ಉಳಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಮೇ ತಿಂಗಳಲ್ಲಿ ಫ್ಲೈಶಲ್ಲನಿಗೆ ಕೋಕೇನ್ ಕೊಟ್ಟ.

ಮೊದಲ ದಿನಗಳು ಆಶಾದಾಯಕವಾಗಿದ್ದವು. ಮಾರ್ಫಿನ್ ಬಿಟ್ಟಾಗ ಬರುವ ನಡುಕ, ಬೆವರು, ಸಂಕಟಗಳು ತಗ್ಗಿದವು. ಜುಲೈ ತಿಂಗಳಲ್ಲಿಯೇ ಫ್ರಾಯ್ಡ್ ಕೋಕಾವನ್ನು ಕುರಿತು ಲೇಖನ ಪ್ರಕಟಿಸಿ, ಅಜೀರ್ಣದಿಂದ ವಿಷಣ್ಣತೆಯವರೆಗೆ ಹಲವು ಬಾಧೆಗಳಿಗೆ ಅದನ್ನು ಹೊಗಳಿದ. ಮಾರ್ಫಿನ್ ವ್ಯಸನಕ್ಕಂತೂ ಅದು ದಿವ್ಯೌಷಧ. ಎರಡು ತಿಂಗಳ ಅನುಭವದ ಮೇಲೆ ಇಷ್ಟು ದೊಡ್ಡ ಮಾತು! ಪ್ರೀತಿಯೂ ಕೀರ್ತಿಯ ಆಸೆಯೂ ಕೂಡಿದಾಗ ವಿಜ್ಞಾನಿಯ ತಕ್ಕಡಿಯೂ ಓರೆಯಾಗುತ್ತದೆ.

ವರ್ಷ ತಿರುಗುವುದರೊಳಗೆ ನಾಟಕದ ಅಂಕ ಬದಲಾಯಿತು. ಫ್ಲೈಶಲ್ ಕೋಕೇನನ್ನು ಸೂಜಿಯ ಮೂಲಕ ಚುಚ್ಚಿಕೊಳ್ಳತೊಡಗಿದ್ದ. ಪ್ರಮಾಣ ದಿನಕ್ಕೆ ಸುಮಾರು ಒಂದು ಗ್ರಾಂಗೆ ಏರಿತ್ತು. ಫ್ರಾಯ್ಡ್ ಸೇವಿಸುತ್ತಿದ್ದುದಕ್ಕಿಂತ ಅದು ನೂರು ಪಾಲು ಹೆಚ್ಚು. ಮಾರ್ಫಿನ್ ಹೋಗಲಿಲ್ಲ, ಕೋಕೇನ್ ಅದರ ಜೊತೆಗೂಡಿತು. 1885ರ ಬೇಸಗೆಯಲ್ಲಿ ಫ್ರಾಯ್ಡ್ ಗೆಳೆಯನ ಬಳಿ ರಾತ್ರಿಯಿಡೀ ಕುಳಿತು ಕಂಡದ್ದನ್ನು ಅವನು ಜೀವಮಾನವೆಲ್ಲ ಮರೆಯಲಿಲ್ಲ. ಬಿಳಿಯ ಹಾವುಗಳು ತನ್ನ ಚರ್ಮದ ಮೇಲೆ ಹರಿದಾಡುತ್ತಿವೆಯೆಂದು ಆ ಮಹಾಬುದ್ಧಿವಂತ ಹೌಹಾರುತ್ತಿದ್ದ. ಅಲ್ಲಿಯವರೆಗೆ ಅವನಲ್ಲಿದ್ದುದು ಕೈಯ ನೋವು, ಅದು ತಂದ ಹತಾಶೆ. ಈಗ ಬುದ್ಧಿಭ್ರಮಣೆಯೇ ಬಂತು, ಅದೂ ಔಷಧದ ದೆಸೆಯಿಂದ.

1886ರಲ್ಲಿ ಎರ್ಲೆನ್ಮೇಯರ್ ಎಂಬ ಜರ್ಮನ್ ವೈದ್ಯ, ಮದ್ಯ ಮತ್ತು ಮಾರ್ಫಿನುಗಳ ಬಳಿಕ ಮನುಕುಲಕ್ಕೆ ಬಂದ ಮೂರನೆಯ ಪಿಡುಗು ಇದೆಂದು ಕೋಕೇನನ್ನು ಕರೆದ. ಫ್ರಾಯ್ಡ್ 1887ರಲ್ಲಿ ಉತ್ತರ ಕೊಟ್ಟು, ತಪ್ಪು ವಸ್ತುವಿನದಲ್ಲ, ಸೂಜಿಯದು ಎಂಬ ಧಾಟಿಯಲ್ಲಿ ವಾದಿಸಿದ. ಎರಡು ವರ್ಷ ಹಿಂದೆ ಸೂಜಿಯನ್ನು ತಾನೇ ಶಿಫಾರಸು ಮಾಡಿದ್ದುದನ್ನು ಅಲ್ಲಿ ಕಾಣಿಸಲಿಲ್ಲ. ಫ್ಲೈಶಲ್ ಇನ್ನಾರು ವರ್ಷ ನವೆದು 1891ರ ಅಕ್ಟೋಬರಿನಲ್ಲಿ ತೀರಿಕೊಂಡ. ವಯಸ್ಸು ನಲವತ್ತೈದು. ಮುಂದೆ ಕನಸುಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಫ್ರಾಯ್ಡ್ ತನ್ನದೇ ಕನಸೊಂದನ್ನು ಬಿಡಿಸುತ್ತ ಈ ಗೆಳೆಯನ ಸಾವನ್ನು ನೆನೆದಿದ್ದಾನೆ. ಫ್ಲೈಶಲ್ಲನ ಭಾವಚಿತ್ರ ಅವನ ಚಿಕಿತ್ಸಾಲಯದ ಗೋಡೆಯ ಮೇಲೆ ಕಡೆಯವರೆಗೂ ತೂಗುತ್ತಿತ್ತು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ನೋವಿದ್ದವನು ನೋವಿಗೆ ಮದ್ದು ಹುಡುಕಿದ; ಪ್ರೀತಿಸಿದವನು ಮದ್ದು ಕೊಟ್ಟ. ಆದರೆ ಕಾಡುವ ನೋವು ಹಾಗೆಯೇ ಉಳಿದಿರುವಾಗ ಒಂದು ವಸ್ತುವಿನ ಜಾಗಕ್ಕೆ ಇನ್ನೊಂದು ವಸ್ತುವನ್ನು ತಂದಿರಿಸಿದ್ದೇ ಆ ಚಿಕಿತ್ಸೆಯ ಸೋಲು. ಸುಮಾರು ನೂರು ವರ್ಷಗಳ ಬಳಿಕ, 1985ರಲ್ಲಿ, ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ ಒಂದು ವಿಚಾರವನ್ನು ಸ್ಪಷ್ಟವಾಗಿ ಮಂಡಿಸಿದ. ವ್ಯಸನಿಗಳಲ್ಲಿ ಅನೇಕರು ಸುಖಕ್ಕಾಗಿ ಹೊರಟವರಲ್ಲ; ತಾಳಲಾರದ ಮನೋವೇದನೆಗೆ ತಾವೇ ವೈದ್ಯರಾಗಿ ಮದ್ದು ಆರಿಸಿಕೊಂಡವರು, ಎಂಬುದು ಅದರ ಸಾರ. ಇದಕ್ಕೆ ಆಕ್ಷೇಪಗಳೂ ಬಂದಿವೆ. ಎಲ್ಲ ಕುಡುಕರ ಹಿಂದೆಯೂ ಗೂಢವಾದೊಂದು ಶೋಕವಿದೆಯೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಗೆಳೆಯರ ಕೂಟ, ಕೈಯಲ್ಲಿ ಕಾಸು, ವಂಶದಿಂದ ಬಂದ ಒಲವು ಇವೂ ಸಾಕಾಗುತ್ತವೆ. ಅಲ್ಲದೆ, ಕುಡಿಯುವವನಿಗೆ ನೆಪ ಹೊಸೆದುಕೊಡುವ ಅಗತ್ಯ ಯಾವ ಶಾಸ್ತ್ರಕ್ಕೂ ಇಲ್ಲ. ಆ ವಿದ್ಯೆಯಲ್ಲಿ ಅವನೇ ಪಂಡಿತ.

ನೋವು ಬೆನ್ನು ಬಿಡದಿದ್ದಾಗ ಏನಾಯಿತೆಂಬುದನ್ನು ವಿಯೆನ್ನಾ ತೋರಿಸಿತು. ನೋವಿನ ನೆಲೆಯೇ ತಪ್ಪಿದಾಗ ಏನಾಗುತ್ತದೆಂಬುದನ್ನು ವಿಯೆಟ್ನಾಂ ಯುದ್ಧ ತೋರಿಸಿತು. ಅಲ್ಲಿ ಹೋರಾಡುತ್ತಿದ್ದ ಅಮೆರಿಕದ ಸಿಪಾಯಿಗಳಲ್ಲಿ ಅನೇಕರು ಹೆರಾಯಿನ್ ಹಿಡಿದಿದ್ದರು. 1971ರ ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿ ಅನಂತರ ಹುಡುಕಿ ವಿಚಾರಿಸಿದಳು. ಐವರಲ್ಲಿ ಒಬ್ಬ ಅಲ್ಲಿದ್ದಾಗ ವ್ಯಸನಕ್ಕೆ ಸಿಕ್ಕಿದ್ದ. ಆದರೆ ಹಾಗೆ ಸಿಕ್ಕವರಲ್ಲಿ ಮನೆಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಐವರಷ್ಟೇ. ಸರ್ಕಾರವೇ ನಂಬಲು ಹಿಂಜರಿದ ಅಂಕಿ ಅದು. ಊರು ಬದಲಾಯಿತು, ಸುಲಭವಾಗಿ ಸಿಗುತ್ತಿದ್ದ ವಸ್ತು ದುರ್ಲಭವಾಯಿತು, ಸಾವಿನ ಭಯ ಕಳೆಯಿತು; ಬಹುಮಂದಿಗೆ ಹೆರಾಯಿನ್ ಬೇಕಾಗಲಿಲ್ಲ.

ಎಲ್ಲರಿಗೂ ಊರು ಬದಲಾಯಿಸುವ ಯೋಗವಿಲ್ಲ. ತನ್ನ ಮನಸ್ಸನ್ನೇ ಹೊತ್ತು ತಿರುಗುವವನು ಎಲ್ಲಿಗೆ ಹೋದಾನು? ಮದ್ಯದ ವಿಷಯದಲ್ಲಿ ಈ ಸುತ್ತು ಹೇಗೆ ಬಿಗಿಯಾಗುತ್ತದೆಂಬುದನ್ನು ಲೇವಾದೇವಿಯ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿದೀತು. ಸಂಜೆಯ ಗುಟುಕು ನಾಳೆಯ ನೆಮ್ಮದಿಯನ್ನು ಇಂದೇ ಸಾಲವಾಗಿ ತರುತ್ತದೆ. ಮಿದುಳು ಆ ಅಮಲನ್ನು ಸರಿದೂಗಿಸಲು ತನ್ನ ಉದ್ವೇಗವನ್ನು ಏರಿಸಿಕೊಳ್ಳುತ್ತದೆ. ಅಮಲು ಇಳಿದಾಗ ಉದ್ವೇಗ ಮಾತ್ರ ಉಳಿಯುತ್ತದೆ: ನಡುರಾತ್ರಿ ಎಚ್ಚರ, ಮುಂಜಾನೆ ಎದೆಬಡಿತ, ಹೇಳಲಾಗದ ಭೀತಿ. ಬಡ್ಡಿ ತೀರಿಸಲು ಮತ್ತೆ ಸಾಲ. ಹೀಗೆ ಆತಂಕಕ್ಕೆಂದು ಕುಡಿದವನಿಗೆ ಕುಡಿತವೇ ಆತಂಕದ ಊಟೆಯಾಗುತ್ತದೆ. ದೀರ್ಘಕಾಲದ ಕುಡಿತ ತಾನಾಗಿಯೇ ಖಿನ್ನತೆಯನ್ನು ಹುಟ್ಟಿಸಬಲ್ಲದು. ಅಂಥದು ಕುಡಿತ ನಿಂತ ಕೆಲವು ವಾರಗಳಲ್ಲಿ ಎಷ್ಟೋ ಮಂದಿಗೆ ತಿಳಿಯಾಗುವುದುಂಟು. ಆಗಲೂ ಉಳಿದರೆ ಅದು ಬೇರೆಯ ರೋಗ, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಬೀಜ ಮೊದಲೋ ಮರ ಮೊದಲೋ ಎಂಬ ವ್ಯಾಜ್ಯವನ್ನು ಮನೆಯವರು ತೀರ್ಮಾನಿಸಲಾರರು, ಬೇಕಾಗಿಯೂ ಇಲ್ಲ.

ಸಂಭಾವಿತ ಮನೆಗಳಲ್ಲಿ ವಾಸನೆಯೇ ಇಲ್ಲದ ವ್ಯಸನವೂ ಉಂಟೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಗಂಡ ತೀರಿಕೊಂಡಾಗಲೋ ಮಗಳ ಸಂಬಂಧ ಮುರಿದಾಗಲೋ ವೈದ್ಯರು ಹದಿನೈದು ದಿನಕ್ಕೆಂದು ಬರೆದುಕೊಟ್ಟ ನಿದ್ದೆಯ ಗುಳಿಗೆ, ಅದೇ ಹಳೆಯ ಚೀಟಿಯ ಬಲದಿಂದ ಔಷಧದ ಅಂಗಡಿಯಲ್ಲಿ ಹದಿನೈದು ವರ್ಷ ದೊರೆಯುತ್ತದೆ. ಅಮ್ಮನ ದಿಂಬಿನ ಕೆಳಗಿನ ಆ ಪಟ್ಟಿಯನ್ನು ಯಾರೂ ವ್ಯಸನವೆನ್ನುವುದಿಲ್ಲ. ಒಂದು ದಿನ ತಪ್ಪಿದರೆ ಆಕೆಯ ಕೈ ನಡುಗುವುದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತಾರೆ.

ಭಾರತದಲ್ಲಿ ಈ ಹೊರೆ ಎಷ್ಟೆಂಬುದಕ್ಕೆ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯೊಂದುಂಟು. ಹತ್ತರಿಂದ ಎಪ್ಪತ್ತೈದು ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 14.6, ಎಂದರೆ ಸುಮಾರು 16 ಕೋಟಿ. ಇವರಲ್ಲಿ 5.7 ಕೋಟಿ ಮಂದಿಗೆ ನೆರವು ಬೇಕಾಗಿತ್ತು. ಆದರೆ ಮದ್ಯಕ್ಕೆ ಪೂರ್ತಿ ಅಧೀನರಾದವರಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವನು ಮೂವತ್ತೆಂಟರಲ್ಲಿ ಒಬ್ಬ. ಉಳಿದ ಮೂವತ್ತೇಳು ಮಂದಿಯ ಚಿಕಿತ್ಸೆ ಮನೆಯವರ ಕೈಯಲ್ಲಿ, ಬುದ್ಧಿವಾದ, ಆಣೆ, ಅಳು, ಬೀಗ ಇವುಗಳ ರೂಪದಲ್ಲಿ ನಡೆದಿರಬೇಕು.

ಇವುಗಳಲ್ಲಿ ಬೀಗದ ಮಾತು ಸ್ವಲ್ಪ ನಿಂತು ಕೇಳಬೇಕಾದದ್ದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ನಿಲ್ಲಿಸಿದರೆ, ಎರಡು ಮೂರು ದಿನಗಳಲ್ಲಿ ಅವನಿಗೆ ನಡುಕ, ಫಿಟ್ಸು, ಇಲ್ಲದ್ದನ್ನು ಕಾಣುವ ಸನ್ನಿ ಬರಬಹುದು; ಪ್ರಾಣವೂ ಹೋಗಬಹುದು. ಆಸ್ಪತ್ರೆಯಲ್ಲಿ ಇದನ್ನು ಔಷಧಗಳಿಂದ ಸುರಕ್ಷಿತವಾಗಿ ದಾಟಿಸುತ್ತಾರೆ. ಅಷ್ಟೇ ಅಪಾಯಕಾರಿಯಾದದ್ದು ಗುಟ್ಟಿನ ಪುಡಿ. ಡೈಸಲ್ಫಿರಾಮ್ ಎಂಬ ಔಷಧವೊಂದುಂಟು. ಅದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆಂಬುದನ್ನು ಡೆನ್ಮಾರ್ಕಿನ ವಿಜ್ಞಾನಿಗಳು 1948ರಲ್ಲಿ ಪ್ರಕಟಿಸಿದರು. ರೋಗಿ ತಿಳಿದು, ಒಪ್ಪಿ, ವೈದ್ಯರ ಕಣ್ಣೆದುರು ತೆಗೆದುಕೊಂಡರೆ ಅದು ಊರುಗೋಲು. ಸಾರಿನಲ್ಲಿಯೋ ಕಾಫಿಯಲ್ಲಿಯೋ ತಿಳಿಯದಂತೆ ಬೆರೆಸಿದರೆ ಹೃದಯಕ್ಕೇ ಆಘಾತವಾದೀತು. ಜಾಹೀರಾತುಗಳಲ್ಲಿ ಹೆಸರಿಲ್ಲದ ಪುಡಿಗಳನ್ನು 'ಅವರಿಗೆ ತಿಳಿಯದಂತೆ ಕೊಡಿ' ಎಂದು ಮಾರುವವರು ಈ ಮಾತನ್ನು ಹೇಳುವುದಿಲ್ಲ. ಮೋಸ ಬಯಲಾದ ದಿನ ಆ ಮನೆಯಲ್ಲಿ ಉಣ್ಣುವ ಅನ್ನದ ಮೇಲಿನ ನಂಬಿಕೆಯೂ ಹೋಗುತ್ತದೆ.

ಬಹುಕಾಲ ಆಸ್ಪತ್ರೆಗಳೇ ಈ ರೋಗಿಯನ್ನು ಚೆಂಡಾಡಿದ್ದುಂಟು. ಮನೋರೋಗದ ವಿಭಾಗದವರು, ಮೊದಲು ಕುಡಿತ ಬಿಟ್ಟು ಬಾ ಎಂದರು. ಕುಡಿತ ಬಿಡಿಸುವವರು, ಮೊದಲು ಮನಸ್ಸು ಸರಿಮಾಡಿಕೊಂಡು ಬಾ ಎಂದರು. ಎರಡು ಬಾಗಿಲುಗಳ ನಡುವಿನ ಜಗಲಿಯ ಮೇಲೆ ಅವನು ಮತ್ತೆ ಕುಡಿದ. ಎರಡನ್ನೂ ಏಕಕಾಲದಲ್ಲಿ, ಸಾಧ್ಯವಾದರೆ ಒಂದೇ ವೈದ್ಯಬಳಗದ ಕೈಯಲ್ಲಿ, ನೋಡಿಕೊಳ್ಳಬೇಕೆಂಬುದು ಇಂದಿನ ಮನೋವೈದ್ಯದ ನಿಲುವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಅದು ಮನೋವೈದ್ಯದ ಆವರಣದಲ್ಲಿಯೇ ಇದೆಯೆಂಬುದು ಗಮನಾರ್ಹ. ಕಾನೂನೂ ಈ ಮಾತಿಗೆ ಮುದ್ರೆಯೊತ್ತಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮನೋರೋಗವೆಂದರೇನೆಂದು ನಿರ್ವಚಿಸುವಾಗ, ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದರಲ್ಲಿ ಸೇರಿಸಿದೆ. ಕೌಟಿಲ್ಯನ ಅಧಿಕರಣದಂತೆ ಸಂಸತ್ತಿನ ಕಲಮೂ ಎರಡನ್ನು ಒಂದೆಡೆ ಕೂರಿಸಿತು. ಆಸ್ಪತ್ರೆಯ ಮೆಟ್ಟಿಲು ಹತ್ತಲು ಸಂಕೋಚಪಡುವವರಿಗಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿ ಒಪ್ಪದಿದ್ದರೆ ಹೆಂಡತಿಯೋ ತಾಯಿಯೋ ಮೊದಲು ಕೇಳಬಹುದು.

ಚಿಕಿತ್ಸೆ ಆರಂಭವಾದ ಮೇಲೂ ಮನೆಯವರನ್ನು ಕಂಗೆಡಿಸುವುದು ರೋಗಿ ಮರಳಿ ಬೀಳುವುದು. ನಾಲ್ಕು ತಿಂಗಳು ಶುದ್ಧವಾಗಿದ್ದವನು ಐದನೆಯ ತಿಂಗಳು ತೂರಾಡುತ್ತ ಬಂದರೆ, ಖರ್ಚಾದ ಹಣದ ಜೊತೆಗೆ ಆಸೆಯೂ ಮುಳುಗಿತೆಂದು ಅನಿಸುವುದು ಸಹಜ. ಸಕ್ಕರೆ ಕಾಯಿಲೆಯವನಿಗೆ ಹಬ್ಬದ ವಾರದಲ್ಲಿ ರೋಗ ಉಲ್ಬಣಿಸಿದರೆ ಮನೆಯವರು ಮತ್ತೆ ವೈದ್ಯರ ಬಳಿಗೆ ಹೋಗುತ್ತಾರೆ. ಇಲ್ಲಿ ಮಾತ್ರ, ಮನಸ್ಸು ಗಟ್ಟಿಯಿದ್ದಿದ್ದರೆ ಬಿಡುತ್ತಿದ್ದ ಎಂಬ ಒಂದೇ ತೀರ್ಪು.

ಮನಸ್ಸಿನ ಗಟ್ಟಿತನದ ಪ್ರಶ್ನೆ ಬಂದಾಗ ವಿಯೆನ್ನಾದ ಆ ವೈದ್ಯನನ್ನೇ ಮತ್ತೆ ನೆನೆಯಬಹುದು. ಫ್ರಾಯ್ಡ್ ಕೋಕೇನನ್ನು ಕಾಲಕ್ರಮದಲ್ಲಿ ಬಿಟ್ಟ. ಚುಟ್ಟವನ್ನು ಬಿಡಲಿಲ್ಲ. ತರುಣನಾಗಿದ್ದಾಗಲೇ ಹೃದಯದ ತೊಂದರೆ ಕಾಣಿಸಿ, ಗೆಳೆಯನಾದ ವೈದ್ಯ ಹೊಗೆಯನ್ನು ನಿಷೇಧಿಸಿದಾಗ ಬಿಟ್ಟು ನೋಡಿದ, ಮನಸ್ಸು ಕುಸಿಯಿತು, ಮತ್ತೆ ಹಚ್ಚಿದ. 1923ರಲ್ಲಿ ದವಡೆಗೆ ಕ್ಯಾನ್ಸರ್ ಬಂತು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಬಾರಿ ಶಸ್ತ್ರಕ್ಕೆ ಒಡ್ಡಿಕೊಂಡ. ಬುದ್ಧಿ ಮಸುಕಾಗುತ್ತದೆಂದು ಪ್ರಬಲವಾದ ನೋವುಮದ್ದುಗಳನ್ನು ಬಹುಮಟ್ಟಿಗೆ ನಿರಾಕರಿಸಿ, ಆಸ್ಪಿರಿನ್ ಒಂದರಿಂದ ಆ ವರ್ಷಗಳನ್ನು ಕಳೆದ. ಅದರ ನಡುವೆಯೇ ರೋಗಿಗಳನ್ನು ನೋಡಿದ, ಗ್ರಂಥಗಳನ್ನು ಬರೆದ. 1939ರ ಸೆಪ್ಟೆಂಬರಿನಲ್ಲಿ, ಲಂಡನ್ನಿನಲ್ಲಿ, ಇನ್ನು ಸಾಧ್ಯವಿಲ್ಲವೆನಿಸಿದಾಗಷ್ಟೇ ತನ್ನ ವೈದ್ಯನಿಂದ ಮಾರ್ಫಿನ್ ಕೇಳಿ ಪಡೆದ. ಅಷ್ಟು ನೋವನ್ನು ಬರಿಗೈಯಲ್ಲಿ ತಡೆದ ಆ ಮನುಷ್ಯ, ದವಡೆಯನ್ನು ತಿಂದದ್ದು ಹೊಗೆಯೆಂದು ತಿಳಿದ ಮೇಲೂ, ಹಲ್ಲುಗಳ ನಡುವೆ ಎಡೆಮಾಡಿಕೊಂಡು ಚುಟ್ಟ ಸೇದುತ್ತಲೇ ಇದ್ದ.